ಕಾರ್ಮಿಕರ ಹೋರಾಟದ ಹಾಡುಗಳನ್ನು ಸಂಗ್ರಹಿಸುವ ಬಗೆ: ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಸಂಗ್ರಾಹಕರಿಗೆ

ನಮ್ಮ ಮೂರು ಜಿಲ್ಲೆಗಳಲ್ಲಿ ಯಾವ ಧರಣಿಗೆ ಹೋಗಿ ಕುಳಿತರೂ ಭಾಷಣಕ್ಕಿಂತ ಮೊದಲು ಹಾಡು ಕೇಳಿಸುತ್ತದೆ. ಒಬ್ಬರು ಹಲಗೆ ಕಾಯಿಸಿಕೊಂಡು ಬಂದಿರುತ್ತಾರೆ, ಇನ್ನೊಬ್ಬರ ಕೈಯಲ್ಲಿ ದಮ್ಮಡಿ ಇರುತ್ತದೆ, ಮುಂದೆ ನಿಂತವರು ಸೊಲ್ಲು (ಪಲ್ಲವಿ) ಎತ್ತಿಕೊಟ್ಟರೆ ಕುಳಿತವರೆಲ್ಲ ಹಿಮ್ಮೇಳವಾಗುತ್ತಾರೆ. ಒಂದೇ ಊರಿನ ಅಂಗನವಾಡಿ ಕಾರ್ಯಕರ್ತೆ ಸಿಪಿಎಂ ಕಡೆಯ ಕಾರ್ಮಿಕ ಒಕ್ಕೂಟ ಸಿಐಟಿಯುಗೆ ಸೇರಿದ ಸಂಘದಲ್ಲಿದ್ದು, ಪಕ್ಕದ ಓಣಿಯ ಆಶಾ ಕಾರ್ಯಕರ್ತೆ ಎಸ್‌ಯುಸಿಐ ಪಕ್ಷದ ಕಡೆಯ ಒಕ್ಕೂಟ ಎಐಯುಟಿಯುಸಿಗೆ ಸೇರಿದ ಸಂಘದಲ್ಲಿರುವುದು ನಮ್ಮಲ್ಲಿ ಸಾಮಾನ್ಯ. ಇಬ್ಬರೂ ಒಂದೇ ಧಾಟಿಯಲ್ಲಿ ಹಾಡುತ್ತಿರಬಹುದು. ಆದರೆ ಕೊನೆಯ ನುಡಿಗೆ (ಚರಣಕ್ಕೆ) ಬಂದಾಗ ಕರೆಯುವ ಹೆಸರು, ಹಿಡಿಯುವ ಬಾವುಟ, ಬೈಯುವ ವೈರಿ ಬೇರೆಯಾಗುತ್ತವೆ. ಹೋರಾಟದ ಹಾಡುಗಳನ್ನು ಸಂಗ್ರಹಿಸಲು ಹೊರಟವರು ಎಲ್ಲಕ್ಕಿಂತ ಹೆಚ್ಚು ಕಿವಿಗೊಡಬೇಕಾದದ್ದು ಹೀಗೆ ಬೇರೆಯಾಗುವ ಸಾಲುಗಳಿಗೆ.

ಎಡಪಂಥೀಯ ಪಕ್ಷಗಳು ಏಕೆ ಒಡೆದವು ಎಂಬುದನ್ನು ಆಯಾ ಪಕ್ಷಗಳ ನಿರ್ಣಯಗಳೂ ನಾಯಕರ ಆತ್ಮಕಥೆಗಳೂ ತಮ್ಮ ತಮ್ಮ ಭಾಷೆಯಲ್ಲಿ ಬರೆದಿಟ್ಟಿವೆ. ಆದರೆ ಆ ಒಡಕು ಒಬ್ಬ ಹಮಾಲನಿಗೆ, ಗಣಿಯೊಳಗೆ ಇಳಿಯುವ ಕಾರ್ಮಿಕನಿಗೆ, ಭತ್ತ ನಾಟಿ ಮಾಡುವ ಕೂಲಿ ಹೆಣ್ಣುಮಗಳಿಗೆ ಏನಾಗಿ ತಟ್ಟಿತು ಎಂಬುದನ್ನು ತಿಳಿಯಲು ಅವರು ಹಾಡನ್ನು ಹೇಗೆ ತಿದ್ದಿಕೊಂಡರು ಎಂದು ನೋಡುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದ್ದರಿಂದ ಈ ಮಾರ್ಗದರ್ಶಿಯ ಮೊದಲ ಮಾತೇ ಇದು: ಬೇರೆ ಬೇರೆ ಸಂಘಗಳ ಪಾಠಗಳನ್ನು, ಅಂದರೆ ಒಂದೇ ಹಾಡನ್ನು ಅವರವರು ಹಾಡುವ ರೂಪಗಳನ್ನು, ಬೆಸೆದು, ಯಾರಿಗೂ ನೋವಾಗದಂತಹ ಒಂದು ‘ಶುದ್ಧ’ ಹಾಡನ್ನು ತಯಾರಿಸುವ ಕೆಲಸಕ್ಕೆ ಕೈಹಾಕಬೇಡಿ. ಹಾಗೆ ಬೆಸೆದ ಹಾಡನ್ನು ಯಾವ ಊರಿನಲ್ಲೂ ಯಾರೂ ಹಾಡಿರುವುದಿಲ್ಲ.

ಹೊರಡುವ ಮುನ್ನ

ಹಾಡುವವರು ‘ನಮ್ಮ ಪಾರ್ಟಿ’, ‘ಆಗಿನ ಸಂಘ’, ‘ಪಾರ್ಟಿ ಒಡೆದಾಗ’ ಎಂದಷ್ಟೇ ಹೇಳುತ್ತಾರೆ. ಯಾವ ಒಡಕು ಎಂಬುದನ್ನು ನೀವೇ ಊಹಿಸಿಕೊಳ್ಳಬೇಕಾಗುತ್ತದೆ. ಅದಕ್ಕೆ ಕೆಲವು ವರ್ಷಗಳು ಬಾಯಿಪಾಠವಾಗಿರಬೇಕು. ಕಾರ್ಮಿಕ ಸಂಘಗಳ ಒಕ್ಕೂಟವಾದ ಎಐಟಿಯುಸಿ 1920ರಲ್ಲಿ ಮುಂಬೈಯಲ್ಲಿ ಹುಟ್ಟಿತು. ಕಮ್ಯುನಿಸ್ಟ್ ಪಕ್ಷ ಹುಟ್ಟಿದ ವರ್ಷದ ಬಗೆಗೇ ಒಮ್ಮತವಿಲ್ಲ: ಸಿಪಿಐ 1925ರ ಕಾನ್ಪುರ ಸಮ್ಮೇಳನವನ್ನು ಆರಂಭವೆಂದು ಎಣಿಸಿದರೆ, ಸಿಪಿಎಂ 1920ರ ತಾಷ್ಕೆಂಟ್ ಸಭೆಯನ್ನು ಎಣಿಸುತ್ತದೆ. ಹಾಗಾಗಿ ಪಕ್ಷದ ವಾರ್ಷಿಕೋತ್ಸವಕ್ಕೆ ಕಟ್ಟಿದ ಹಾಡಿನಲ್ಲಿ ಯಾವ ವರ್ಷ ಬಂದಿದೆ ಎಂಬುದೊಂದೇ ಹಲವು ಸಲ ಆ ಹಾಡು ಯಾರ ಕಡೆಯದು ಎಂದು ತಿಳಿಸುತ್ತದೆ. ಎಸ್‌ಯುಸಿಐ 1948ರಲ್ಲಿಯೇ ಬೇರೆ ಪಕ್ಷವಾಗಿ ಹುಟ್ಟಿತು. ಬಳ್ಳಾರಿಯಲ್ಲಿ ಅದರ ಬೇರು ಆಳವಾಗಿದೆ. ಸಮಾಜವಾದಿಗಳು ಅದೇ 1948ರಲ್ಲಿ ಹಿಂದ್ ಮಜ್ದೂರ್ ಸಭಾ (ಎಚ್‌ಎಂಎಸ್) ಎಂಬ ಕಾರ್ಮಿಕ ಒಕ್ಕೂಟ ಕಟ್ಟಿದರು. 1964ರಲ್ಲಿ ಸಿಪಿಐ ಒಡೆದು ಸಿಪಿಎಂ ಬಂತು, 1967ರ ನಕ್ಸಲ್‌ಬಾರಿ ದಂಗೆಯ ಬಳಿಕ 1969ರಲ್ಲಿ ಸಿಪಿಐ (ಎಂಎಲ್), ಅಂದರೆ ಮಾರ್ಕ್ಸಿಸ್ಟ್–ಲೆನಿನಿಸ್ಟ್ ಪಕ್ಷ, ಬಂತು, 1970ರಲ್ಲಿ ಎಐಟಿಯುಸಿಯಿಂದ ಬೇರೆಯಾದವರು ಸಿಐಟಿಯು ಕಟ್ಟಿದರು. ಎಂಎಲ್ ಮುಂದೆ ಹಲವು ಗುಂಪುಗಳಾಯಿತು. ಗಂಗಾವತಿ, ಸಿಂಧನೂರು, ಲಿಂಗಸುಗೂರು ಭಾಗದಲ್ಲಿ ‘ಎಂಎಲ್’ ಎಂದು ಕೇಳಿದ ಕೂಡಲೇ ಯಾವ ಎಂಎಲ್ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಕಾಲಘಟ್ಟವನ್ನು ಅನೇಕರು ಮರೆಯುತ್ತಾರೆ. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯನ್ನು ಸಿಪಿಐ ಬೆಂಬಲಿಸಿತ್ತು. ಸಿಪಿಎಂ, ಸಮಾಜವಾದಿಗಳು, ಎಂಎಲ್ ಗುಂಪುಗಳು ವಿರೋಧಿಸಿದ್ದವು. ಆ ಬೆಂಬಲ ತಪ್ಪಾಗಿತ್ತು ಎಂದು 1978ರ ಭಟಿಂಡಾ ಮಹಾಧಿವೇಶನದಲ್ಲಿ ಸಿಪಿಐ ಒಪ್ಪಿಕೊಂಡಿತು. ಆ ಎರಡು ಮೂರು ವರ್ಷಗಳಲ್ಲಿ ಕಟ್ಟಿದ ಹಾಡುಗಳು ಇಂದು ಹಾಡಲ್ಪಡುವುದು ಕಡಿಮೆ. ಒಂದು ಕಡೆಯವರಿಗೆ ಅವು ಮುಜುಗರದ ನೆನಪು, ಇನ್ನೊಂದು ಕಡೆಯವರಿಗೆ ಹಳೆಯ ಜಗಳದ ಕಿಡಿ. ಹಳಬರನ್ನು ತಾಳ್ಮೆಯಿಂದ ಮಾತನಾಡಿಸಿದರೆ ಮಾತ್ರ ಇವು ಹೊರಬರುತ್ತವೆ, ಮತ್ತು ಕಳೆದುಹೋಗುವ ಅಪಾಯ ಹೆಚ್ಚಿರುವುದೂ ಇವಕ್ಕೇ.

ಇದೇ ವರ್ಷಗಳಲ್ಲಿ ಪಕ್ಷಗಳ ಹೊರಗೂ ಹಾಡು ಹುಟ್ಟುತ್ತಿತ್ತು. ದಲಿತ ಸಂಘರ್ಷ ಸಮಿತಿ ಎಪ್ಪತ್ತರ ದಶಕದ ನಡುವೆ ಬೆಳೆಯಿತು, ‘ಸಮುದಾಯ’ ರಂಗತಂಡ 1975ರಲ್ಲಿ ಆರಂಭವಾಯಿತು, ಬಂಡಾಯ ಸಾಹಿತ್ಯ ಸಂಘಟನೆ 1979ರಲ್ಲಿ ಬಂತು, 1980ರ ನರಗುಂದ–ನವಲಗುಂದ ರೈತ ಬಂಡಾಯದ ಬೆನ್ನಿಗೆ ರೈತ ಸಂಘ ಬಂತು. ಸಿದ್ಧಲಿಂಗಯ್ಯನವರ ಪದ್ಯಗಳನ್ನು ದಲಿತ ಸಂಘಟನೆಗಳೂ ಹಾಡಿದವು, ಕೆಂಪು ಬಾವುಟದ ಸಂಘಗಳೂ ಹಾಡಿದವು. ಜಾತಿಯನ್ನು ವರ್ಗದೊಳಗೆ ಅಡಗಿಸಬಹುದೇ ಎಂಬ ಪ್ರಶ್ನೆಯ ಮೇಲೆ ಎಷ್ಟೋ ಸಭೆಗಳು ಮುರಿದುಬಿದ್ದಿವೆ. ಆದರೂ ಹಾಡು ಮಾತ್ರ ಎರಡೂ ಕಡೆ ಓಡಾಡುತ್ತಿತ್ತು. ಈ ಓಡಾಟವನ್ನು ದಾಖಲಿಸದೆ ಎಡಪಂಥದ ಹಾಡುಗಳ ಸಂಗ್ರಹ ಪೂರ್ಣವಾಗುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಈ ನೆಲದ ಹಾಡು ಯಾವ ದಾರಿಯಿಂದ ಬಂತು

ನಮ್ಮ ಭಾಗದ ಹಾಡುಗಳನ್ನು ಮೈಸೂರು, ಬೆಂಗಳೂರಿನ ಕಡೆಯಿಂದಲೇ ಹರಿದು ಬಂದವು ಎಂದು ಭಾವಿಸಿದರೆ ಅರ್ಧ ಕಥೆ ಕೈತಪ್ಪುತ್ತದೆ. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್‌ಗೆ ಸೇರಿತ್ತು. ತೆಲಂಗಾಣದ ರೈತರ ಸಶಸ್ತ್ರ ಹೋರಾಟ 1946ರಿಂದ 1951ರವರೆಗೆ ನಡೆದದ್ದು ಹೆಚ್ಚಾಗಿ ನಲ್ಗೊಂಡ, ವಾರಂಗಲ್ ಕಡೆಯಾದರೂ ಅದರ ಹಾಡು ಕೃಷ್ಣಾ–ತುಂಗಭದ್ರೆಯ ನಡುವಿನ ದೋಆಬ್‌ ಸೀಮೆಗೆ ದೂರದ್ದಾಗಿರಲಿಲ್ಲ. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಬಂದೂಕು ಕೆಳಗಿಡಬೇಕೇ ಬೇಡವೇ ಎಂಬ ಪ್ರಶ್ನೆಯ ಮೇಲೆ ಪಕ್ಷದೊಳಗೆ ತೀವ್ರ ಭಿನ್ನಾಭಿಪ್ರಾಯ ಎದ್ದಿತ್ತು, ಅಂದರೆ 1964ಕ್ಕೆ ಬಹಳ ಮೊದಲೇ ಬಿರುಕು ಕಾಣಿಸಿಕೊಂಡಿತ್ತು ಎಂಬುದನ್ನೂ ಗಮನದಲ್ಲಿಡಬೇಕು. ಹೈದರಾಬಾದಿನ ಉರ್ದು ಕವಿಯೂ ಕಾರ್ಮಿಕ ನಾಯಕರೂ ಆಗಿದ್ದ ಮಖ್ದೂಂ ಮೊಹಿಯುದ್ದೀನ್ (1908–1969) ಅವರು ಇದೇ ರಾಜ್ಯದವರು. ರಾಯಚೂರಿನ ಹಳೆಯ ಕಾರ್ಮಿಕರಲ್ಲಿ ಉರ್ದು ನಜ್ಮ್‌ಗಳ ತುಣುಕುಗಳನ್ನು ಹೇಳುವವರು ಸಿಕ್ಕರೆ ಕನ್ನಡವಲ್ಲ ಎಂದು ಬಿಟ್ಟುಬಿಡಬೇಡಿ.

ತೆಲುಗಿನ ದಾರಿ ಇನ್ನೂ ಅಗಲವಾದದ್ದು. ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಸಿಂಧನೂರು, ಮಾನ್ವಿ, ಗಂಗಾವತಿ, ಕಾರಟಗಿ, ಸಿರುಗುಪ್ಪ ಸುತ್ತ ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು. ಆ ಗದ್ದೆಗಳಲ್ಲಿ ನಾಟಿ ಮಾಡುವ, ಕಳೆ ತೆಗೆಯುವ ಹೆಂಗಸರ ಬಾಯಲ್ಲಿ ಕನ್ನಡ–ತೆಲುಗು ಎರಡೂ ಬೆರೆತ ಪದಗಳಿವೆ. ಹಾಡಿನಲ್ಲಿ ಕಥೆ ಹೇಳುವ ಬುರ್ರಕಥೆಯಂತೂ ಬಳ್ಳಾರಿ ಸೀಮೆಗೆ ಹೊರಗಿನದಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು ಆ ಕಲೆಯನ್ನು ಕನ್ನಡ ನಾಡಿಗೆಲ್ಲ ಪರಿಚಯಿಸಿದವರು. ಕಮ್ಯುನಿಸ್ಟ್ ಚಳವಳಿ ಅದೇ ಬುರ್ರಕಥೆಯನ್ನು ತನ್ನ ಪ್ರಚಾರಕ್ಕೆ ಬಳಸಿಕೊಂಡಿತು. ಇಲ್ಲಿ ಹೊಸಬರು ಹೆಸರು ತಪ್ಪುವುದುಂಟು: 1943ರ ಇಪ್ಟಾ ಎಂಬ ಜನರ ರಂಗಭೂಮಿಯ ಚಳವಳಿಯೊಡನೆ ಬೆಳೆದದ್ದು ಪ್ರಜಾನಾಟ್ಯ ಮಂಡಳಿ, 1972ರಲ್ಲಿ ನಕ್ಸಲ್‌ಬಾರಿ ಹಾದಿಯವರು ಕಟ್ಟಿದ್ದು, ತೆಲುಗು ಹಾಡುಗಾರ ಗದ್ದರ್ ಹೆಸರಿನೊಡನೆ ಗುರುತಾದದ್ದು ಜನನಾಟ್ಯ ಮಂಡಳಿ. ‘ನಾಟ್ಯ ಮಂಡಳಿಯವರು ಕಲಿಸಿದ ಹಾಡು’ ಎಂದು ಯಾರಾದರೂ ಹೇಳಿದರೆ ಯಾವ ಮಂಡಳಿ ಎಂದು ಅಲ್ಲಿಯೇ ಕೇಳಿ ಬರೆದುಕೊಳ್ಳಿ, ಏಕೆಂದರೆ ಆ ಎರಡರ ನಡುವೆ ಚುನಾವಣೆಯ ದಾರಿ ಸರಿಯೇ ತಪ್ಪೇ ಎಂಬ ದೊಡ್ಡ ಜಗಳವೇ ಇದೆ.

ಧಾಟಿಯ ಮಟ್ಟಿಗೆ ನೋಡಿದರೆ ಬಹುಪಾಲು ಹೋರಾಟದ ಹಾಡುಗಳು ಊರಿನಲ್ಲಿ ಮೊದಲೇ ಇದ್ದ ಮಟ್ಟುಗಳ ಮೇಲೆ ನಿಂತಿವೆ: ಬೀಸುವ ಪದ, ಹಂತಿ ಪದ, ಗೀಗೀ, ಚೌಡಕಿ, ಭಜನೆಯ ತತ್ವಪದ, ಮೊಹರಂನ ರಿವಾಯತು. ಲಾವಣಿಯಲ್ಲಿ ಹರದೇಶಿ–ನಾಗೇಶಿ ಎಂದು ಎರಡು ಪಕ್ಷಗಳಾಗಿ ರಾತ್ರಿಯಿಡೀ ಸವಾಲು–ಜವಾಬು ಹಾಡುವ ಪರಂಪರೆ ನಮ್ಮಲ್ಲಿರುವುದರಿಂದ, ಹಾಡಿನಲ್ಲೇ ವಾದ ಹೂಡುವುದು ನಮ್ಮ ಜನಕ್ಕೆ ಹೊಸದಲ್ಲ. ಒಂದು ಸಂಘದ ಹಾಡಿಗೆ ಇನ್ನೊಂದು ಸಂಘ ಅದೇ ಮಟ್ಟಿನಲ್ಲಿ ಉತ್ತರ ಕೊಟ್ಟಿರುವುದು ಕಂಡರೆ ಎರಡನ್ನೂ ಜೋಡಿಯಾಗಿಯೇ ದಾಖಲಿಸಬೇಕು.

ಯಾರ ಬಳಿ, ಯಾವಾಗ

ಮೊದಲು ಸಂಘದ ಕಚೇರಿಗೆ ಹೋಗುವುದು ಸೌಜನ್ಯ. ಆದರೆ ಅಲ್ಲಿಯೇ ನಿಲ್ಲುವುದು ಸಲ್ಲದು. ಪದಾಧಿಕಾರಿಗಳು ಮುದ್ರಿತ ಪುಸ್ತಿಕೆಯನ್ನು ಕೊಡುತ್ತಾರೆ, ಆ ಪುಸ್ತಿಕೆ ಮುಖ್ಯವಾದ ದಾಖಲೆಯೇ. ಆದರೂ ಅದರಲ್ಲಿರುವುದು ಸಂಘ ಒಪ್ಪಿದ ಪಾಠ. ಜನ ಹಾಡುವ ಪಾಠ ಕೆಲಸದ ಜಾಗದ ಹತ್ತಿರ ಸಿಗುತ್ತದೆ.

ಹಟ್ಟಿ ಚಿನ್ನದ ಗಣಿಯಲ್ಲಿ ಒಂದಕ್ಕಿಂತ ಹೆಚ್ಚು ಕಾರ್ಮಿಕ ಸಂಘಗಳಿವೆ, ಅವುಗಳ ನಡುವೆ ಚುನಾವಣೆಯೂ ನಡೆಯುತ್ತದೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿಗಾರಿಕೆಯ ನೆನಪೆಲ್ಲ ಇಲ್ಲಿಯೇ ಮುಂದುವರಿದಿದೆ ಎನ್ನಬಹುದು. ಸಂಘದ ಚುನಾವಣೆಯ ಪ್ರಚಾರಕ್ಕಾಗಿ ಕಟ್ಟಿದ ಹಾಡುಗಳಲ್ಲಿ ಎದುರು ಸಂಘದ ಮೇಲಿನ ಟೀಕೆ ನೇರವಾಗಿರುತ್ತದೆ. ಇವು ಫಲಿತಾಂಶ ಬಂದ ಮರುದಿನ ಮರೆಯಾಗುವ ಹಾಡುಗಳಾದ್ದರಿಂದ ಪ್ರಚಾರದ ದಿನಗಳಲ್ಲೇ ಹೋಗಬೇಕು. ಪಾಳಿ ಮುಗಿಸಿ ಹೊರಬಂದವರನ್ನು ದಾರಿಯಲ್ಲಿ ನಿಲ್ಲಿಸಿ ಹಾಡು ಕೇಳುವುದು ಸರಿಯಲ್ಲ. ಮನೆಗೆ ಹೋಗಿ, ಸ್ನಾನ ಊಟ ಮುಗಿಸಿ ಕುಳಿತ ಮೇಲೆ ಕೇಳಿದರೆ ಹಾಡು ತಾನಾಗಿ ಬರುತ್ತದೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಕಾಯಂ ನೌಕರರನ್ನೂ ಗುತ್ತಿಗೆ ಕಾರ್ಮಿಕರನ್ನೂ ಬೇರೆ ಬೇರೆಯಾಗಿ ಮಾತನಾಡಿಸಿ. ಇಬ್ಬರ ಬೇಡಿಕೆ ಒಂದಲ್ಲ, ಹಾಡೂ ಒಂದಲ್ಲ.

ರಾಯಚೂರಿನ ಎಪಿಎಂಸಿ ಯಾರ್ಡಿನಲ್ಲಿ ಹತ್ತಿ ಬರುವ ತಿಂಗಳುಗಳಲ್ಲಿ, ಗಂಗಾವತಿ–ಕಾರಟಗಿಯ ಅಕ್ಕಿ ಗಿರಣಿಗಳಲ್ಲಿ ಭತ್ತದ ಸುಗ್ಗಿಯಲ್ಲಿ, ಹಮಾಲರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಅಮಾವಾಸ್ಯೆಯಂದು ಅನೇಕ ಯಾರ್ಡುಗಳಲ್ಲಿ ಚೀಲ ಎತ್ತುವುದಿಲ್ಲ. ಆ ದಿನವೇ ಸೂಕ್ತ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಹೊಲಿಗೆಯ ಸದ್ದಿನ ನಡುವೆ ದಾಖಲಿಸಲು ಆಗದು, ವಾರದ ರಜೆ ನೋಡಿಕೊಂಡು ಮನೆಗೇ ಹೋಗಬೇಕು. ಸಂಡೂರಿಗೆ ಹೋದರೆ ಎರಡು ಪದರದ ಹಾಡುಗಳು ಸಿಕ್ಕಾವು: 1973ರ ಭೂ ಹೋರಾಟದ ನೆನಪಿನವು, ಅದನ್ನು ಮುನ್ನಡೆಸಿದವರು ಸಮಾಜವಾದಿಗಳು, ಜಾರ್ಜ್ ಫರ್ನಾಂಡಿಸ್ ಅವರೂ ಅದರಲ್ಲಿದ್ದರು, ಮತ್ತು 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ಕೆಲಸ ಕಳೆದುಕೊಂಡ ಗಣಿ ಕಾರ್ಮಿಕರ ಬೇಡಿಕೆಗಳವು. ಮೊದಲನೆಯದು ಸಮಾಜವಾದಿ ಪರಂಪರೆಯದು, ಎರಡನೆಯದರಲ್ಲಿ ಹೆಚ್ಚಾಗಿ ಕೆಂಬಾವುಟದ ಸಂಘಗಳ ದನಿ. ಒಂದೇ ತಾಲ್ಲೂಕಿನದೆಂದು ಎರಡನ್ನೂ ಒಂದೇ ತಲೆಬರಹದಡಿ ಸೇರಿಸಬೇಡಿ.

ಹೆಣ್ಣುಮಕ್ಕಳನ್ನು ಗಂಡಸರ ಮೂಲಕ ತಲುಪಲು ಹೋಗಬೇಡಿ. ಮಾನ್ವಿ ಸೀಮೆಯ ಪೋತ್ನಾಳದ ಜಾಗೃತ ಮಹಿಳಾ ಸಂಘಟನೆಯಂತಹ ಕಡೆ ದಲಿತ ಕೂಲಿ ಹೆಣ್ಣುಮಕ್ಕಳು ತಾವೇ ಹಾಡುತ್ತಾರೆ. ಉದ್ಯೋಗ ಖಾತರಿಯ ಕೂಲಿಗಾಗಿ ಹೋರಾಡಿದ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆಯವರು, ಬಿಸಿಯೂಟದವರು, ದೇವದಾಸಿ ವಿಮೋಚನೆಗಾಗಿ ಸಂಘ ಕಟ್ಟಿದವರು ಯಾವ ಪಕ್ಷದ ಪುಸ್ತಿಕೆಯಲ್ಲೂ ಅಚ್ಚಾಗದ ಸಾಲುಗಳನ್ನು ಬಾಯಲ್ಲಿ ಉಳಿಸಿಕೊಂಡಿದ್ದಾರೆ.

ಮಾತಿಗೆ ಆರಂಭ ಹೇಗೆ ಎಂದು ಹೊಸಬರು ಕೇಳುತ್ತಾರೆ. ‘ನಿಮ್ಮ ಪಕ್ಷದ ಸೈದ್ಧಾಂತಿಕ ನಿಲುವೇನು’ ಎಂದು ಕೇಳಿದರೆ ನಾಯಕರ ಭಾಷಣವೇ ಮರಳಿ ಬರುತ್ತದೆ. ‘ಯಕ್ಕಾ, ಈ ಪದ ನಿಮಗ ಯಾರು ಕಲಿಸಿದ್ರು? ಆವಾಗ ನೀವು ಯಾವ ಸಂಘದಾಗ ಇದ್ರಿ? ಈಗೂ ಹಿಂಗ ಹಾಡ್ತೀರೇನು?’ ಎಂಬ ಮೂರು ಪ್ರಶ್ನೆಗಳು ಸಾಕು. ಮೂರನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿಯೇ ಒಡಕಿನ ಕಥೆ ಇರುತ್ತದೆ. ಅವರು ತಡೆದು ಹೇಳಿದರೆ ತಡೆಯಲು ಬಿಡಿ, ನೀವೇ ಸಾಲನ್ನು ನೆನಪಿಸಿಕೊಡಬೇಡಿ; ನೆನಪಿಸಿದ ಸಾಲು ನಿಮ್ಮ ಪಾಠವಾಗುತ್ತದೆ, ಅವರದಾಗಿ ಉಳಿಯುವುದಿಲ್ಲ.

ದಾಖಲಿಸುವ ಕ್ರಮ

ಒಳ್ಳೆಯ ಮೊಬೈಲ್ ಫೋನ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಹಾಡುವವರಿಂದ ಒಂದೆರಡು ಅಡಿ ದೂರದಲ್ಲಿ ಬಟ್ಟೆಯ ಮೇಲಿಡಿ, ಫ್ಯಾನ್ ನಿಲ್ಲಿಸಲು ಕೇಳಿಕೊಳ್ಳಿ. ಹಲಗೆ ಜೊತೆಯಲ್ಲಿದ್ದರೆ ಅದರ ಪೆಟ್ಟಿಗೆ ದನಿ ಮುಳುಗುತ್ತದೆ. ಒಮ್ಮೆ ಹಲಗೆಯೊಡನೆ, ಮತ್ತೊಮ್ಮೆ ಬರೀ ಬಾಯಲ್ಲಿ ಹಾಡಿಸಿಕೊಳ್ಳಿ. ದಾಖಲೆಯ ಆರಂಭದಲ್ಲಿ ದಿನಾಂಕ, ಊರು, ಹಾಡುವವರ ಹೆಸರು ಮತ್ತು ಅವರ ಒಪ್ಪಿಗೆ ಅವರದೇ ದನಿಯಲ್ಲಿ ಬರಲಿ. ಅದೇ ದಿನ ರಾತ್ರಿ ಕಡತವನ್ನು ಎರಡು ಬೇರೆ ಜಾಗಗಳಲ್ಲಿ ಉಳಿಸಿ. ಇಷ್ಟರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ.

ಪಾಠಗಳನ್ನು ಬರೆಯುವ ಕ್ರಮ

ಈ ಕೆಲಸದ ಜೀವ ಇರುವುದು ಇಲ್ಲಿ. ಹಾಡನ್ನು ಕೇಳಿದ ಹಾಗೆಯೇ ಬರೆಯಬೇಕು: ‘ನಮ್ದು’ ಎಂದು ಹಾಡಿದ್ದನ್ನು ‘ನಮ್ಮದು’ ಎಂದು ತಿದ್ದಿದರೆ ಹಲಗೆಯ ಪೆಟ್ಟಿಗೆ ಮಾತ್ರೆ ಕೂಡುವುದಿಲ್ಲ. ಸೊಲ್ಲು, ನುಡಿ, ನಡುವೆ ಬರುವ ಘೋಷಣೆ, ಹಿಮ್ಮೇಳದವರು ಸೇರಿಸುವ ‘ಹೌದೌದು’ ಎಲ್ಲವೂ ಕಾಗದಕ್ಕೆ ಬರಬೇಕು.

ಪಾಠಾಂತರಗಳನ್ನು ಹೇಗೆ ತೋರಿಸಬೇಕು ಎಂಬುದಕ್ಕೆ, ಯಾರ ಹಾಡನ್ನೂ ಎತ್ತಿಕೊಳ್ಳದೆ, ಮಾದರಿಗಾಗಿ ನಾನೇ ಕಟ್ಟಿದ ಒಂದು ಸೊಲ್ಲನ್ನು ನೋಡಿ:

ಹೊತ್ತ ಚೀಲ ನಮ್ದು, ತೂಗೋ ಕಲ್ಲು ಅವರ್ದು
ಎತ್ತಿ ಇಳಿಸೋ ಬೆನ್ನು ನಮ್ದು, ಬರೆಯೋ ಲೆಕ್ಕ ಅವರ್ದು

ಈ ಸೊಲ್ಲು ಮೂರು ಕಡೆ ಒಂದೇ ಆಗಿದ್ದು, ಕೊನೆಯ ಸಾಲು ಒಂದು ಸಂಘದಲ್ಲಿ ‘ಕೆಂಪು ಬಾವುಟದಡಿಗೆ ಬಾರಣ್ಣ’ ಎಂದೂ, ಇನ್ನೊಂದರಲ್ಲಿ ‘ಕೆಂಪು ನೀಲಿ ಕೂಡಿ ಬಾರಣ್ಣ’ ಎಂದೂ, ಮತ್ತೊಂದರಲ್ಲಿ ‘ಓಟಿನವರ ನಂಬಬ್ಯಾಡಣ್ಣ’ ಎಂದೂ ಇದೆ ಎಂದಿಟ್ಟುಕೊಳ್ಳಿ. ಮೊದಲ ಪಾಠ ವರ್ಗದ ಒಗ್ಗಟ್ಟನ್ನಷ್ಟೇ ಕರೆಯುತ್ತದೆ. ಎರಡನೆಯದು ಚೀಲ ಹೊರುವವರಲ್ಲಿ ಯಾವ ಜಾತಿಯವರು ಹೆಚ್ಚು ಎಂಬುದನ್ನು ಕಂಡವರು, ಅಂಬೇಡ್ಕರ್ ಅವರ ದಾರಿಯನ್ನೂ ಮಾರ್ಕ್ಸ್‌ರ ದಾರಿಯನ್ನೂ ಕೂಡಿಸಬಯಸುವವರು ತಿದ್ದಿದ್ದು. ಮೂರನೆಯದು ಚುನಾವಣೆಗೆ ನಿಲ್ಲುವ ಎಡಪಕ್ಷಗಳನ್ನೇ ಟೀಕಿಸುವ ಎಂಎಲ್ ಪರಂಪರೆಯದು. ಮೂರನ್ನೂ ಅಕ್ಕಪಕ್ಕದ ಕಾಲಂಗಳಲ್ಲಿ, ಒಂದು ಇನ್ನೊಂದಕ್ಕೆ ಅಡಿಟಿಪ್ಪಣಿಯಾಗದಂತೆ, ಸಮಾನವಾಗಿ ಬರೆಯಬೇಕು. ಒಂದನ್ನು ಮೂಲವೆಂದು ಮೇಲಿಟ್ಟು ಉಳಿದವನ್ನು ಸಣ್ಣ ಅಕ್ಷರದಲ್ಲಿ ಕೆಳಗೆ ಹಾಕಿದ ಕ್ಷಣವೇ ಸಂಗ್ರಾಹಕ ಒಂದು ಪಕ್ಷಕ್ಕೆ ಸೇರಿದಂತಾಗುತ್ತದೆ. ಮೂಲ ಯಾವುದೆಂದು ಗಟ್ಟಿ ಆಧಾರ ಸಿಕ್ಕರೆ ಆ ಆಧಾರವನ್ನು ಟಿಪ್ಪಣಿಯಲ್ಲಿ ಹೇಳಿ.

ಒಬ್ಬರೇ ವ್ಯಕ್ತಿ ಸಂಘ ಬದಲಿಸಿದ್ದರೆ ಅವರ ಬಾಯಲ್ಲೇ ಎರಡು ಪಾಠಗಳಿರುತ್ತವೆ. ಇಂಥವರು ಅಪರೂಪದ ಸಾಕ್ಷಿಗಳು. ಆಗ ಹೇಗೆ ಹಾಡುತ್ತಿದ್ದರು, ಯಾವ ಸಭೆಯ ಬಳಿಕ ಸಾಲು ಬದಲಾಯಿತು, ಬದಲಿಸಲು ಹೇಳಿದವರು ಇದ್ದರೇ ಅಥವಾ ತಾವೇ ಬದಲಿಸಿದರೇ ಎಂದು ಕೇಳಿ. ನಾಯಕರು ಹೇಳಿ ಬದಲಿಸಿದ ಸಾಲಿಗೂ ಹಾಡುವವರೇ ಮನಸ್ಸು ನೊಂದು ಬದಲಿಸಿದ ಸಾಲಿಗೂ ಬಹಳ ವ್ಯತ್ಯಾಸವಿದೆ. ಅದನ್ನು ಗುರುತಿಸಿ ಬರೆಯದಿದ್ದರೆ ಮುಂದಿನ ಓದುಗರಿಗೆ ಎರಡೂ ಒಂದೇ ಆಗಿ ಕಾಣುತ್ತವೆ.

ಪಾಠದ ತಲೆಯಲ್ಲಿ ಸಂಘದ ಹೆಸರನ್ನೂ ಊರಿನ ಹೆಸರನ್ನೂ ಆಯಾ ಕಾಲದ ಹೆಸರಿನಲ್ಲಿಯೇ ಬರೆಯಿರಿ. ಇಂದಿನ ಎಐಯುಟಿಯುಸಿ ಹಿಂದೆ ಯುಟಿಯುಸಿ–ಲೆನಿನ್ ಸರಣಿ ಎಂದಿತ್ತು. ಎಸ್‌ಯುಸಿಐ ತನ್ನ ಹೆಸರಿಗೆ ‘ಕಮ್ಯುನಿಸ್ಟ್’ ಎಂದು ಸೇರಿಸಿಕೊಂಡದ್ದು 2009ರಲ್ಲಿ. 1985ರ ಹಾಡಿಗೆ ಇಂದಿನ ಹೆಸರು ಹಚ್ಚಿದರೆ ದಾಖಲೆ ಕೆಡುತ್ತದೆ. ಹಾಗೆಯೇ ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲಿನ ಹಾಡಿಗೆ ‘ಕೊಪ್ಪಳ ತಾಲ್ಲೂಕು, ರಾಯಚೂರು ಜಿಲ್ಲೆ’ ಎಂದಿರಬೇಕು. ಹೊಸಪೇಟೆ 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು. ತುಂಗಭದ್ರಾ ಅಣೆಕಟ್ಟಿನ ಕೆಲಸಗಾರರ ಹಾಡುಗಳನ್ನು ಬಳ್ಳಾರಿ ಜಿಲ್ಲೆಯವೆಂದೇ ದಾಖಲಿಸಿ, ಈಗಿನ ಜಿಲ್ಲೆಯನ್ನು ಪಕ್ಕದಲ್ಲಿ ಸೂಚಿಸಿ.

ಬರೆದವರು ಯಾರು ಎಂಬ ಜಗಳ

ಪ್ರತಿಯೊಂದು ಸಂಘವೂ ಒಳ್ಳೆಯ ಹಾಡನ್ನು ತನ್ನದೆನ್ನುತ್ತದೆ. ಇದು ನಮ್ಮ ಊರಿನದ್ದಷ್ಟೇ ಕಥೆಯಲ್ಲ. ಜಗತ್ತಿನ ಕಾರ್ಮಿಕರೆಲ್ಲ ಹಾಡುವ ‘ಇಂಟರ್‌ನ್ಯಾಷನಲ್’ ಗೀತೆಯನ್ನು ಯುಜೀನ್ ಪೋತಿಯೆ 1871ರಲ್ಲಿ ಕಾರ್ಮಿಕರ ಆಡಳಿತವಾಗಿದ್ದ ಪ್ಯಾರಿಸ್ ಕಮ್ಯೂನ್ ಮುರಿದುಬಿದ್ದ ದಿನಗಳಲ್ಲಿ ಬರೆದರು. ಉತ್ತರ ಫ್ರಾನ್ಸಿನ ಲೀಲ್ ಪಟ್ಟಣದ ಕಾರ್ಮಿಕ ಪಿಯೆರ್ ಡಿ ಗೇಟರ್ 1888ರಲ್ಲಿ ಅದಕ್ಕೆ ರಾಗ ಹಾಕಿದರು. ಮುಂದೆ ಅವರ ತಮ್ಮ ಅಡಾಲ್ಫ್ ರಾಗ ತನ್ನದೆಂದು ಹಕ್ಕು ಸಾಧಿಸಿದಾಗ ಲೀಲ್‌ನ ಸಮಾಜವಾದಿ ಪಕ್ಷದ ಪ್ರಭಾವಿಗಳು ತಮ್ಮನ ಪರ ನಿಂತರು. ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. 1914ರಲ್ಲಿ ಸೋತ ಪಿಯೆರ್‌ಗೆ 1922ರಲ್ಲಿ ನ್ಯಾಯ ಸಿಕ್ಕಿತು, ಅಷ್ಟರಲ್ಲಿ ಫ್ರಾನ್ಸಿನ ಸಮಾಜವಾದಿ ಪಕ್ಷವೇ ಒಡೆದು ಅವರು ಕಮ್ಯುನಿಸ್ಟರ ಕಡೆ ಇದ್ದರು. ಒಂದು ರಾಗದ ಒಡೆತನವೂ ಪಕ್ಷದ ಜಗಳದೊಳಗೆ ಸಿಕ್ಕಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಆದ್ದರಿಂದ ‘ಇದು ನಮ್ಮ ಸಂಘದವರೇ ಬರೆದದ್ದು’ ಎಂಬ ಮಾತನ್ನು ಹೇಳಿದವರ ಹೆಸರಿನೊಡನೆ ಹೇಳಿಕೆಯಾಗಿ ಬರೆದುಕೊಳ್ಳಿ, ಸತ್ಯಾಂಶವಾಗಿ ಅಲ್ಲ. ಹಳೆಯ ಪುಸ್ತಿಕೆ, ಕರಪತ್ರ, ಕ್ಯಾಸೆಟ್ಟಿನ ಹೊದಿಕೆ, ಸಮ್ಮೇಳನದ ಕಾರ್ಯಕ್ರಮ ಪಟ್ಟಿ ಇವುಗಳಲ್ಲಿ ಅತಿ ಹಳೆಯದು ಯಾವುದು ಎಂದು ನೋಡಿ. ಎದುರು ಸಂಘದ ಹಿರಿಯರೂ ಅದೇ ಹೆಸರು ಹೇಳಿದರೆ ಆ ಮಾತಿಗೆ ಬಲ ಹೆಚ್ಚು, ಏಕೆಂದರೆ ಹಾಗೆ ಹೇಳುವುದರಿಂದ ಅವರಿಗೆ ಲಾಭವೇನೂ ಇಲ್ಲ.

ಒಪ್ಪಿಗೆ ಮತ್ತು ಹಕ್ಕು

ಹೋರಾಟದ ಹಾಡು ಎಲ್ಲರದೂ ಎಂಬ ಮಾತು ನಿಜ. ಆದರೆ ಅಚ್ಚು ಹಾಕುವಾಗ 1957ರ ಕೃತಿಸ್ವಾಮ್ಯ ಕಾಯ್ದೆ ಅನ್ವಯಿಸುತ್ತದೆ. ಹೆಸರು ಗೊತ್ತಿರುವ ಕವಿಯ ಪದ್ಯಕ್ಕೆ ಅವರ ಜೀವಿತಕಾಲ ಮತ್ತು ನಂತರದ 60 ವರ್ಷ ಹಕ್ಕು ಇರುತ್ತದೆ. ಸಿದ್ಧಲಿಂಗಯ್ಯನವರು 2021ರಲ್ಲಿ ತೀರಿಕೊಂಡರು, ಆದ್ದರಿಂದ ಅವರ ಪದ್ಯಗಳಿಗೆ 2081ರ ಕೊನೆಯವರೆಗೆ ವಾರಸುದಾರರ ಅನುಮತಿ ಬೇಕು. ಕವಿಯ ಹೆಸರಿಲ್ಲದೆ ಅಚ್ಚಾದ ಕೃತಿಗೆ ಪ್ರಕಟಣೆಯಿಂದ 60 ವರ್ಷ. ಹಾಡಿದವರಿಗೂ ತಮ್ಮ ಹಾಡುಗಾರಿಕೆಯ ಮೇಲೆ 50 ವರ್ಷಗಳ ಹಕ್ಕಿದೆ ಎಂಬುದನ್ನು ಬಹಳ ಮಂದಿ ಅರಿಯರು. ಹಾಡಿದ ಕೂಲಿಕಾರರಿಗೆ ಇದನ್ನು ನೀವೇ ತಿಳಿಸಬೇಕು, ತಿಳಿಸಿದ ಮೇಲೆಯೇ ಒಪ್ಪಿಗೆ ಕೇಳಬೇಕು.

ಕೆಲವು ಹಾಡುಗಳು ಇಂದು ನಿಷೇಧಕ್ಕೊಳಗಾದ ಸಂಘಟನೆಗಳ ನೆರಳಿನಲ್ಲಿ ಹುಟ್ಟಿದವು. ಅವನ್ನು ನೆನಪಿನಿಂದ ಹಾಡಿದವರು ಇಂದು ಯಾವ ಸಂಘಟನೆಯಲ್ಲೂ ಇರಲಿಕ್ಕಿಲ್ಲ, ಮಕ್ಕಳು ಮೊಮ್ಮಕ್ಕಳೊಡನೆ ಬದುಕುತ್ತಿರಬಹುದು. ಅವರ ಹೆಸರು, ಊರು, ದನಿ ಮೂರೂ ಒಟ್ಟಿಗೆ ಹೊರಬಾರದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ. ಹೆಸರಿನ ಬದಲು ಸಂಖ್ಯೆ ಕೊಡಿ, ಆ ಸಂಖ್ಯೆ ಯಾರದೆಂಬ ಪಟ್ಟಿಯನ್ನು ಫೋನಿನಲ್ಲಿಡಬೇಡಿ. ಅವರು ಬೇಡವೆಂದರೆ ದಾಖಲೆಯನ್ನು ಅವರ ಕಣ್ಣೆದುರೇ ಅಳಿಸಿಬಿಡಿ.

ಜಂಟಿ ಸಭೆಗೆ ಪುಸ್ತಿಕೆ ಮಾಡುವಾಗ

ಹೊಸ ಕಾರ್ಮಿಕ ಸಂಹಿತೆಗಳ ವಿರುದ್ಧ 2020ರ ನವೆಂಬರ್ 26, 2022ರ ಮಾರ್ಚ್ 28–29, 2025ರ ಜುಲೈ 9ರಂದು ನಡೆದ ಸಾರ್ವತ್ರಿಕ ಮುಷ್ಕರಗಳಲ್ಲಿ ಎಐಟಿಯುಸಿ, ಸಿಐಟಿಯು, ಎಂಎಲ್ ಕಡೆಯ ಒಕ್ಕೂಟ ಎಐಸಿಸಿಟಿಯು, ಎಐಯುಟಿಯುಸಿ, ಎಚ್‌ಎಂಎಸ್ ಎಲ್ಲವೂ ಒಂದೇ ಕರೆಗೆ ಓಗೊಟ್ಟವು. ಇಂಥ ದಿನಗಳಲ್ಲಿ, ಮೇ ದಿನಾಚರಣೆಯಲ್ಲಿ, ಒಂದೇ ವೇದಿಕೆಗೆ ಹಾಡಿನ ಪುಸ್ತಿಕೆ ಬೇಕೆಂಬ ಬೇಡಿಕೆ ಸಂಗ್ರಾಹಕರ ಬಳಿ ಬಂದೇ ಬರುತ್ತದೆ. ಸಂಗ್ರಹದ ನಿಯಮವೂ ವೇದಿಕೆಯ ನಿಯಮವೂ ಬೇರೆ ಎಂಬುದನ್ನು ಮೊದಲೇ ಎಲ್ಲರಿಗೂ ಹೇಳಿಬಿಡಿ. ಸಂಗ್ರಹದಲ್ಲಿ ಎಲ್ಲ ಸಾಲೂ ಇರಬೇಕು. ಇನ್ನೊಂದು ಸಂಘವನ್ನು ದ್ರೋಹಿ ಎಂದು ಕರೆಯುವ ಸಾಲೂ ಇರಬೇಕು. ವೇದಿಕೆಯ ಪುಸ್ತಿಕೆಯಲ್ಲಿ ಅಂಥ ನುಡಿಯನ್ನು ಬಿಡಬಹುದು, ಆದರೆ ಬಿಟ್ಟ ಜಾಗದಲ್ಲಿ ಚುಕ್ಕೆಗಳನ್ನು ಹಾಕಿ ತೋರಿಸಿ, ಬೇರೆ ಸಾಲನ್ನು ಹೊಸೆದು ತುಂಬಬೇಡಿ.

ಆಯ್ಕೆಗೆ ಪ್ರತಿ ಸಂಘದಿಂದ ಒಬ್ಬೊಬ್ಬ ಹಾಡುವವರನ್ನು ಕರೆಯುವುದು ಒಳ್ಳೆಯದು, ಕಾರ್ಯದರ್ಶಿಗಳನ್ನಲ್ಲ. ಹಾಡುವವರು ಸೇರಿ ಕುಳಿತಾಗ ಯಾವ ಮಟ್ಟು ಎಲ್ಲರಿಗೂ ಬರುತ್ತದೆ, ಯಾವುದಕ್ಕೆ ಹಲಗೆ ಕೂಡುತ್ತದೆ ಎಂಬುದು ಬೇಗ ತೀರ್ಮಾನವಾಗುತ್ತದೆ. ಕಾರ್ಯದರ್ಶಿಗಳು ಕುಳಿತರೆ ಮಾತು ಯಾರ ಹಾಡು ಮೊದಲು ಎಂಬಲ್ಲಿಗೇ ಹೋಗಿ ನಿಲ್ಲುತ್ತದೆ. ಕ್ರಮಕ್ಕೆ ಅಕಾರಾದಿ ಇಟ್ಟುಕೊಂಡರೆ ದೂರು ಬರುವುದಿಲ್ಲ. ಎರಡು ಪಾಠಗಳಿರುವ ಹಾಡನ್ನು ಎದುರುಬದುರು ಪುಟಗಳಲ್ಲಿ ಅಚ್ಚು ಹಾಕಿಸಿ, ಅಂದು ಯಾವುದನ್ನು ಹಾಡುವುದೆಂದು ಹಾಡುವವರೇ ನಿರ್ಧರಿಸಲಿ. ಅಕ್ಷರ ದಪ್ಪಗಿರಲಿ, ಸಂಜೆಯ ಮಂದ ಬೆಳಕಿನಲ್ಲೂ ಓದಲು ಬರಬೇಕು; ಹೆಚ್ಚು ಓದಲು ಬಾರದವರಿಗಾಗಿ ಪ್ರತಿ ಹಾಡಿನ ದನಿಯ ತುಣುಕನ್ನು ವಾಟ್ಸ್ಆ್ಯಪ್‌ನಲ್ಲಿ ಮೊದಲೇ ಕಳಿಸಿದರೆ ಸಭೆಯ ಹೊತ್ತಿಗೆ ಹಿಮ್ಮೇಳ ಗಟ್ಟಿಯಾಗಿರುತ್ತದೆ.

ಅಚ್ಚಾದ ಪುಸ್ತಿಕೆಯನ್ನೂ ಮೂಲ ದನಿಯ ಪ್ರತಿಯನ್ನೂ ಮೊದಲು ಹಾಡಿದವರ ಮನೆಗೆ ಮುಟ್ಟಿಸಿ, ನಂತರ ಒಪ್ಪಿಗೆ ಇರುವಷ್ಟನ್ನು ಎಲ್ಲ ಸಂಘಗಳ ಕಚೇರಿಗಳಿಗೆ ಒಂದೇ ದಿನ ಕೊಡಿ. ಒಬ್ಬರಿಗೆ ಮೊದಲು, ಒಬ್ಬರಿಗೆ ಆಮೇಲೆ ಎಂದಾಗದಿರಲಿ. ಒಂದು ಪ್ರತಿಯನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೂ, ಇನ್ನೊಂದನ್ನು ನಿಮ್ಮ ತಾಲ್ಲೂಕಿನ ಗ್ರಂಥಾಲಯಕ್ಕೂ ಸಲ್ಲಿಸಿ, ಯಾವ ದಾಖಲೆ ಸಾರ್ವಜನಿಕ, ಯಾವುದು ಹಾಡಿದವರ ಅನುಮತಿಯಿಲ್ಲದೆ ತೆರೆಯಬಾರದು ಎಂಬುದನ್ನು ಪ್ರತಿಯ ಮೇಲೆಯೇ ಬರೆದುಕೊಡಿ.